ನಂಬರ್ ಅದೇ, ಊರು ಬೇರೆ: ಜಾರ್ಜಿಯಾದ 6ನೇ ಕ್ಷೇತ್ರದ ಕಥೆ



ಇವತ್ತಿನ ಎಪಿಸೋಡ್ ಒಂದು ನಂಬರ್ ಬಗ್ಗೆ. ಅಮೆರಿಕದ ಜಾರ್ಜಿಯಾ ರಾಜ್ಯದ 6ನೇ ಕಾಂಗ್ರೆಷನಲ್ ಡಿಸ್ಟ್ರಿಕ್ಟ್. ಕಾಂಗ್ರೆಸ್ ಅಂದ ತಕ್ಷಣ ಪಕ್ಷ ಅಂದ್ಕೋಬೇಡಿ, ಅಲ್ಲಿ ಕಾಂಗ್ರೆಸ್ ಅಂದ್ರೆ ಸಂಸತ್ತು. ಅದರ ಕೆಳಮನೆಯಲ್ಲಿ 435 ಸೀಟುಗಳಿವೆ, ಜಾರ್ಜಿಯಾದ ಪಾಲು 14. ನಮ್ಮ ಲೋಕಸಭಾ ಕ್ಷೇತ್ರ ಇದ್ದ ಹಾಗೆ, ಆದರೆ ಒಂದು ವ್ಯತ್ಯಾಸ. ನಮ್ಮಲ್ಲಿ ಕ್ಷೇತ್ರಕ್ಕೆ ಊರಿನ ಹೆಸರಿರುತ್ತೆ: ಮಂಡ್ಯ, ಹಾಸನ, ಬೀದರ್. ಅಲ್ಲಿ ಬರೀ ನಂಬರ್.

ಇದೇನು ದೊಡ್ಡ ವಿಷಯ ಅನ್ನಿಸಬಹುದು. ಆದರೆ ಮಂಡ್ಯ ಅನ್ನೋ ಹೆಸರನ್ನ ಎತ್ಕೊಂಡು ಹೋಗಿ ಕಲಬುರಗಿಯಲ್ಲಿ ಇಡೋಕಾಗಲ್ಲ. ನಂಬರನ್ನ ಇಡಬಹುದು. ಜಾರ್ಜಿಯಾದ '6' ಕಳೆದ ಐವತ್ತು ವರ್ಷದಲ್ಲಿ ಅಟ್ಲಾಂಟಾ ನಗರದ ಸುತ್ತ ಮೂರು ದಿಕ್ಕಿನಲ್ಲಿ ಓಡಾಡಿದೆ. ಮೊದಲು ದಕ್ಷಿಣ ಮತ್ತು ಪಶ್ಚಿಮದ ಹೊರವಲಯ, ಆಮೇಲೆ ಉತ್ತರ, ಈಗ ಮತ್ತೆ ಪಶ್ಚಿಮ. ಯಾಕೆ ಹೀಗೆ? ಅಲ್ಲಿನ ಮತದಾರ ಇದರಿಂದ ಏನು ಕಳ್ಕೊಂಡ? ಅದನ್ನೇ ಇವತ್ತು ನೋಡೋಣ.

ಗೆರೆ ಎಳೆಯೋರು ಯಾರು?

ನಮ್ಮಲ್ಲಿ ಕ್ಷೇತ್ರದ ಗಡಿ ಗುರುತಿಸೋಕೆ ಪುನರ್ವಿಂಗಡಣಾ ಆಯೋಗ ಅಂತ ಒಂದು ಪ್ರತ್ಯೇಕ ಸಂಸ್ಥೆ ರಚನೆಯಾಗುತ್ತೆ. ಜಾರ್ಜಿಯಾದಲ್ಲಿ ಆ ಕೆಲಸ ಮಾಡೋದು ರಾಜ್ಯದ ಶಾಸಕರೇ. ಹತ್ತು ವರ್ಷಕ್ಕೊಮ್ಮೆ ಜನಗಣತಿ ಆದಮೇಲೆ, ಮಾಮೂಲಿ ಮಸೂದೆ ಥರ ಒಂದು ನಕ್ಷೆ ಪಾಸ್ ಮಾಡ್ತಾರೆ, ಗವರ್ನರ್ ಸಹಿ ಹಾಕ್ತಾರೆ. ಅಂದ್ರೆ ಬಹುಮತ ಇರೋ ಪಕ್ಷದ ಕೈಯಲ್ಲೇ ಪೆನ್ಸಿಲ್.

ಅವರಿಗೂ ಕೆಲವು ಕಟ್ಟುಪಾಡುಗಳಿವೆ. ಅದರಲ್ಲಿ ಮುಖ್ಯವಾದದ್ದು ಹುಟ್ಟಿದ್ದೇ ಜಾರ್ಜಿಯಾದಲ್ಲಿ. 1960ರ ದಶಕದ ಆರಂಭದಲ್ಲಿ ಅಟ್ಲಾಂಟಾ ಇದ್ದ 5ನೇ ಕ್ಷೇತ್ರದ ಜನಸಂಖ್ಯೆ 8,23,680. ಅದೇ ರಾಜ್ಯದ 9ನೇ ಕ್ಷೇತ್ರದಲ್ಲಿ 2,72,154. ಎರಡಕ್ಕೂ ತಲಾ ಒಂದೇ ಸೀಟು. ಒಂದೇ ಕಂಪನಿಯ ಶೇರಿಗೆ ಒಬ್ಬನಿಗೆ ಒಂದು ಓಟು, ಇನ್ನೊಬ್ಬನಿಗೆ ಮೂರು ಓಟು ಕೊಟ್ಟ ಹಾಗೆ. 1964ರಲ್ಲಿ ವೆಸ್‌ಬೆರಿ ವರ್ಸಸ್ ಸ್ಯಾಂಡರ್ಸ್ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದು ನಡೆಯಲ್ಲ, ಕ್ಷೇತ್ರಗಳ ಜನಸಂಖ್ಯೆ ಆದಷ್ಟೂ ಸಮ ಇರಬೇಕು ಅಂತ ಹೇಳಿತು. 2020ರ ಗಣತಿಯ ಲೆಕ್ಕದಲ್ಲಿ ಜಾರ್ಜಿಯಾದ ಒಂದು ಕ್ಷೇತ್ರಕ್ಕೆ ಸುಮಾರು 7,65,000 ಜನ.

ಇದರ ಪರಿಣಾಮ ಗಮನಿಸಿ. ಜನ ಎಲ್ಲಿ ಹೆಚ್ಚಾಗ್ತಾರೋ ಸೀಟು ಅಲ್ಲಿಗೆ ಹೋಗಬೇಕು. ಜಾರ್ಜಿಯಾದಲ್ಲಿ ಜನ ಹೆಚ್ಚಾಗ್ತಿದ್ದದ್ದು ಅಟ್ಲಾಂಟಾದ ಹೊರವಲಯದಲ್ಲಿ.

ಊರು ಬಿಟ್ಟವರ ಊರು

ಈ ಹೊರವಲಯ ಸುಮ್ಮನೆ ಬೆಳೆದದ್ದಲ್ಲ. 1960 ಮತ್ತು 70ರ ದಶಕದಲ್ಲಿ ಶಾಲೆ, ಪಾರ್ಕು, ಬಡಾವಣೆಗಳಲ್ಲಿ ಕಪ್ಪು ಮತ್ತು ಬಿಳಿಯ ಜನರನ್ನ ಬೇರೆ ಇಡೋ ಪದ್ಧತಿ ಕಾನೂನಿನ ಪ್ರಕಾರ ಮುರಿದು ಬಿತ್ತು. ಆಗ ದೊಡ್ಡ ಸಂಖ್ಯೆಯಲ್ಲಿ ಬಿಳಿಯ ಕುಟುಂಬಗಳು ಅಟ್ಲಾಂಟಾ ನಗರ ಬಿಟ್ಟು ಸುತ್ತಲಿನ ಕೌಂಟಿಗಳಿಗೆ ಹೋದವು. ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ. ಹೊಸ ಹೆದ್ದಾರಿಗಳು ದಾರಿ ಸುಲಭ ಮಾಡಿದವು. ಮರಿಯೆಟಾದಲ್ಲಿ ಲಾಕ್‌ಹೀಡ್ ವಿಮಾನ ಕಾರ್ಖಾನೆಯಿಂದ ಕೆಲಸಗಳೂ ಇದ್ದವು. ನಗರ ಮತ್ತು ಹೊರವಲಯವನ್ನ ಜೋಡಿಸೋ ಸಾರಿಗೆ ವ್ಯವಸ್ಥೆ 'ಮಾರ್ಟಾ' ಬೇಕಾ ಅಂತ 1965ರಲ್ಲಿ ಕೇಳಿದಾಗ ಕಾಬ್ ಕೌಂಟಿಯ ಮತದಾರರು ಬೇಡ ಅಂದರು. ನಗರದಿಂದ ದೂರ ಇರೋದೇ ಅಲ್ಲಿನ ಅನೇಕರಿಗೆ ಬೇಕಿತ್ತು.

ಆ ರಾಜಕೀಯದ ಗಾಳಿಯನ್ನ ಸರಿಯಾಗಿ ಹಿಡಿದವರು ನ್ಯೂಟ್ ಗಿಂಗ್ರಿಚ್, ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. 1974, 1976 ಎರಡು ಸಲ 6ನೇ ಕ್ಷೇತ್ರದಲ್ಲಿ ರಿಪಬ್ಲಿಕನ್ ಆಗಿ ನಿಂತು ಸೋತರು. 1978ರಲ್ಲಿ ಗೆದ್ದರು. ಆಗ '6' ಇದ್ದದ್ದು ಅಟ್ಲಾಂಟಾದ ದಕ್ಷಿಣ ಮತ್ತು ಪಶ್ಚಿಮಕ್ಕೆ. ಅವರೇನೂ ಅಲ್ಲಿ ಭದ್ರವಾಗಿರಲಿಲ್ಲ: 1990ರಲ್ಲಿ ಗೆದ್ದದ್ದು ಬರೀ 974 ಓಟಿನಿಂದ.

ಇಲ್ಲಿಂದ ಕಥೆ ರುಚಿಯಾಗುತ್ತೆ. 1990ರ ಗಣತಿ ನಂತರ ಜಾರ್ಜಿಯಾಗೆ 11ನೇ ಸೀಟು ಸಿಕ್ಕಿತು, ಹೊಸ ನಕ್ಷೆ ಬೇಕಾಯಿತು. ಆಗ ಪೆನ್ಸಿಲ್ ಇದ್ದದ್ದು ಡೆಮಾಕ್ರಟ್‌ಗಳ ಕೈಯಲ್ಲಿ. ಅವರು ಗಿಂಗ್ರಿಚ್ ಅವರ ಹಳೇ ಕ್ಷೇತ್ರವನ್ನ ಚೂರು ಚೂರು ಮಾಡಿ ಹಂಚಿ, '6' ಅನ್ನೋ ನಂಬರನ್ನ ನಗರದ ಉತ್ತರಕ್ಕೆ ತಗೊಂಡು ಹೋಗಿಟ್ಟರು. ಉದ್ದೇಶ, ಗಿಂಗ್ರಿಚ್ ಮನೆಗೆ ಹೋಗಲಿ ಅನ್ನೋದು. ಅವರು ಮನೆಯನ್ನೇ ಬದಲಾಯಿಸಿದರು! ಕಾಬ್ ಕೌಂಟಿಗೆ ಬಂದು 1992ರ ಪಕ್ಷದ ಒಳ ಚುನಾವಣೆಯಲ್ಲಿ 980 ಓಟಿನಿಂದ ಬಚಾವಾದರು. ಆ ಪ್ರದೇಶ ಎಷ್ಟು ಗಟ್ಟಿ ರಿಪಬ್ಲಿಕನ್ ಅಂದ್ರೆ, ಆಮೇಲೆ ಸೋಲಿನ ಚಿಂತೆಯೇ ಬರಲಿಲ್ಲ. 1994ರ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ಕೆಳಮನೆಯಲ್ಲಿ ನಲವತ್ತು ವರ್ಷದ ನಂತರ ಬಹುಮತ ಬಂತು, 1995ರಲ್ಲಿ ಗಿಂಗ್ರಿಚ್ ಸ್ಪೀಕರ್ ಆದರು. ಓಡಿಸೋಕೆ ಎಳೆದ ಗೆರೆ ಅವರಿಗೆ ಕೋಟೆ ಗೋಡೆ ಆಯ್ತು.

1999ರಲ್ಲಿ ಅವರು ಬಿಟ್ಟ ಮೇಲೆ ಜಾನಿ ಐಸಾಕ್ಸನ್, 2005ರಿಂದ ಟಾಮ್ ಪ್ರೈಸ್. ಇಬ್ಬರೂ ರಿಪಬ್ಲಿಕನ್. ಇಲ್ಲಿ ಹೇಳುವಂಥ ಪೈಪೋಟಿ ಇರಲಿಲ್ಲ, ಮುಂದೆ ಹೋಗೋಣ.

ಒಳಗಿನಿಂದ ಬದಲಾದ ಊರು

ಪ್ರೈಸ್ ಕಾಲದಲ್ಲಿ ಸೀಟು ಅಲುಗಾಡಲಿಲ್ಲ, ಆದರೆ ಕೆಳಗಿನ ನೆಲ ಅಲುಗಾಡ್ತಿತ್ತು. ಆಲ್ಫರೆಟಾ, ಜಾನ್ಸ್ ಕ್ರೀಕ್, ರಾಸ್ವೆಲ್, ಸ್ಯಾಂಡಿ ಸ್ಪ್ರಿಂಗ್ಸ್ ಕಡೆ ಐಟಿ ಮತ್ತು ಹಣಕಾಸು ಕಂಪನಿಗಳು ಬಂದವು. ಹಿಂದೆಯೇ ಭಾರತೀಯರು, ಕೊರಿಯನ್ನರು, ಲ್ಯಾಟಿನೋಗಳು, ಕಪ್ಪು ಮಧ್ಯಮ ವರ್ಗದ ಕುಟುಂಬಗಳು. ಕನ್ನಡಿಗರೂ ಇದ್ದಾರೆ: ಅಟ್ಲಾಂಟಾದಲ್ಲಿ ನೃಪತುಂಗ ಕನ್ನಡ ಕೂಟ ಇದೆ, 2012ರ ಅಕ್ಕ ಸಮ್ಮೇಳನ ನಡೆದದ್ದೂ ಅದೇ ನಗರದಲ್ಲಿ.

ಇಲ್ಲಿ ಒಂದು ವಿಷಯ ಅನೇಕರಿಗೆ ಗೊತ್ತಿರಲ್ಲ. ಎಚ್‌-1ಬಿ ವೀಸಾದವರಿಗೆ, ಗ್ರೀನ್ ಕಾರ್ಡ್ ಇರೋರಿಗೆ ಅಲ್ಲಿನ ಸಂಸತ್ ಚುನಾವಣೆಯಲ್ಲಿ ಓಟಿಲ್ಲ. ಆದರೆ ಗಣತಿಯಲ್ಲಿ ಅವರನ್ನೂ ಎಣಿಸ್ತಾರೆ. ರಾಜ್ಯಕ್ಕೆ ಎಷ್ಟು ಸೀಟು ಅನ್ನೋ ಲೆಕ್ಕದಲ್ಲೂ, ಕ್ಷೇತ್ರ ಎಲ್ಲಿ ತುಂಬುತ್ತೆ ಅನ್ನೋ ಲೆಕ್ಕದಲ್ಲೂ ನಿಮ್ಮ ಕಸಿನ್ ಒಬ್ಬ ಮನುಷ್ಯ. ಮತಗಟ್ಟೆಯಲ್ಲಿ ಮಾತ್ರ ಅಲ್ಲ.

ಈಗ ಅಂಕಿ ನೋಡಿ. 2012ರಲ್ಲಿ ರಿಪಬ್ಲಿಕನ್ ಮಿಟ್ ರಾಮ್ನಿ ಈ ಕ್ಷೇತ್ರದಲ್ಲಿ ಸುಮಾರು 23 ಪಾಯಿಂಟ್ ಮುಂದಿದ್ದರು. 2016ರಲ್ಲಿ ಟ್ರಂಪ್ ಮುಂದಿದ್ದದ್ದು ಒಂದೂವರೆ ಪಾಯಿಂಟ್. ಅದೇ ದಿನ, ಅದೇ ಮತಪತ್ರದಲ್ಲಿ ಟಾಮ್ ಪ್ರೈಸ್‌ಗೆ ಸುಮಾರು ಶೇ 62. ಅಂದ್ರೆ ಸಾವಿರಾರು ಜನ ಪಕ್ಷಕ್ಕೆ ಹಾಕಿದರು, ಟ್ರಂಪ್‌ಗೆ ಹಾಕಲಿಲ್ಲ. ಅರ್ಧಕ್ಕಿಂತ ಹೆಚ್ಚು ವಯಸ್ಕರು ಪದವೀಧರರಾದ ಇಂಥ ಹೊರವಲಯಗಳು ಆ ವರ್ಷ ದೇಶದ ಬೇರೆ ಕಡೆಯೂ ಹೀಗೇ ವಾಲಿದವು.

5 ಕೋಟಿ ಡಾಲರ್‌ನ ಉಪಚುನಾವಣೆ

2017ರಲ್ಲಿ ಟ್ರಂಪ್ ಅವರು ಪ್ರೈಸ್ ಅವರನ್ನ ಆರೋಗ್ಯ ಮಂತ್ರಿ ಮಾಡಿದರು, ಸೀಟು ಖಾಲಿಯಾಯ್ತು. ಏಪ್ರಿಲ್ 18ರ ಉಪಚುನಾವಣೆಗೆ 18 ಅಭ್ಯರ್ಥಿಗಳು, ಅದರಲ್ಲಿ 11 ಜನ ರಿಪಬ್ಲಿಕನ್ನರು. ಡೆಮಾಕ್ರಟ್‌ಗಳ ಮುಖ್ಯ ಹುರಿಯಾಳು 30 ವರ್ಷದ ಜಾನ್ ಆಸಫ್. ತಮಾಷೆ ಅಂದ್ರೆ ಅವರು ಆಗ ವಾಸ ಇದ್ದದ್ದು ಕ್ಷೇತ್ರದ ಹೊರಗೆ, ತಮಗೆ ತಾವೇ ಓಟು ಹಾಕೋ ಹಾಗಿರಲಿಲ್ಲ. ಸಂವಿಧಾನದ ಪ್ರಕಾರ ಅದು ತಪ್ಪಲ್ಲ, ಆ ರಾಜ್ಯದ ನಿವಾಸಿ ಆಗಿದ್ದರೆ ಸಾಕು.

ಮೊದಲ ಸುತ್ತಿನಲ್ಲಿ ಆಸಫ್‌ಗೆ ಶೇ 48.1. ಎರಡನೇ ಸ್ಥಾನದ ರಿಪಬ್ಲಿಕನ್ ಕ್ಯಾರನ್ ಹ್ಯಾಂಡೆಲ್‌ಗೆ ಶೇ 19.8. ನಮ್ಮ ನಿಯಮ ಆಗಿದ್ರೆ ಅಲ್ಲಿಗೆ ಮುಗೀತು, ಹೂವಿನ ಹಾರ, ಪಟಾಕಿ. ಜಾರ್ಜಿಯಾದಲ್ಲಿ ಅರ್ಧ ದಾಟಲೇಬೇಕು, ಇಲ್ಲಾಂದ್ರೆ ಮೊದಲಿಬ್ಬರ ನಡುವೆ ಮತ್ತೆ ಚುನಾವಣೆ. ಹನ್ನೊಂದು ಕಡೆ ಹಂಚಿದ್ದ ರಿಪಬ್ಲಿಕನ್ ಓಟು ಜೂನ್ 20ಕ್ಕೆ ಒಂದಾಯ್ತು. ಹ್ಯಾಂಡೆಲ್ ಶೇ 51.8, ಆಸಫ್ ಶೇ 48.2.

ಖರ್ಚು? ಎಲ್ಲಾ ಕಡೆಯದು ಸೇರಿ 5 ಕೋಟಿ ಡಾಲರ್‌ಗೂ ಹೆಚ್ಚು. ಅಲ್ಲಿವರೆಗಿನ ಕೆಳಮನೆ ಚುನಾವಣೆಗಳಲ್ಲೇ ಅತಿ ದುಬಾರಿ. ನಾನು ಬಿ.ಕಾಂ. ಓದಿದವನು, ಡೆಬಿಟ್ ಕ್ರೆಡಿಟ್ ನೋಡಿದ್ರೆ ಡೆಮಾಕ್ರಟ್‌ಗಳಿಗೆ ಅದು ಶುದ್ಧ ನಷ್ಟ ಅಂತಲೇ ಬರೀಬೇಕಿತ್ತು. ಆದರೆ ಆ ವರ್ಷ ಮನೆ ಮನೆ ಬಾಗಿಲು ತಟ್ಟೋದು ಕಲಿತವರು ಮುಂದಿನ ವರ್ಷವೂ ಅದೇ ಬೀದಿಗಳಲ್ಲೇ ಇದ್ದರು. ಆಸಫ್ 2021ರಲ್ಲಿ ಸೆನೆಟರ್ ಆದರು.

ಒಬ್ಬ ತಾಯಿ, 3,264 ಓಟು

2018ರಲ್ಲಿ ಹ್ಯಾಂಡೆಲ್ ಎದುರು ನಿಂತವರು ಲೂಸಿ ಮೆಕ್‌ಬಾತ್. ಡೆಲ್ಟಾ ಏರ್‌ಲೈನ್ಸ್‌ನಲ್ಲಿ ಗಗನಸಖಿಯಾಗಿದ್ದವರು. 2012ರ ನವೆಂಬರ್‌ನಲ್ಲಿ ಫ್ಲಾರಿಡಾದ ಒಂದು ಪೆಟ್ರೋಲ್ ಬಂಕ್‌ನಲ್ಲಿ, ಕಾರಿನ ಮ್ಯೂಸಿಕ್ ಜೋರಾಯ್ತು ಅನ್ನೋ ಜಗಳಕ್ಕೆ ಒಬ್ಬ ಗುಂಡು ಹಾರಿಸಿ ಅವರ 17 ವರ್ಷದ ಮಗ ಜೋರ್ಡನ್ ಡೇವಿಸ್‌ನನ್ನು ಕೊಂದ. ಅಲ್ಲಿಂದ ಬಂದೂಕು ನಿಯಂತ್ರಣಕ್ಕಾಗಿ ಓಡಾಡಿದ ಈ ತಾಯಿ, ಬಂದೂಕು ಹಕ್ಕಿನ ಪರ ಇದ್ದ ಪಕ್ಷದ ಕೋಟೆಯಲ್ಲೇ ಆ ವಿಷಯ ಮುಂದಿಟ್ಟು ಓಟು ಕೇಳಿದರು. 3,264 ಓಟಿನಿಂದ ಗೆದ್ದರು. 2020ರಲ್ಲಿ ಅದೇ ಎದುರಾಳಿಯ ಮೇಲೆ ಒಂಬತ್ತು ಪಾಯಿಂಟ್ ಅಂತರ. ಬೈಡನ್ ಅಲ್ಲಿ ಸುಮಾರು 11 ಪಾಯಿಂಟ್ ಮುಂದೆ.

ರಾಮ್ನಿಯ 23, ಬೈಡನ್‌ನ 11. ಎಂಟು ವರ್ಷದಲ್ಲಿ 34 ಪಾಯಿಂಟ್ ತಿರುವು, ಅದೂ ಗಡಿ ಒಂದಿಂಚೂ ಕದಲದೆ. ಈ ಸಲ ಬದಲಾದದ್ದು ಜನ.

ಜನ ಬದಲಾದರು, ಗೆರೆಯೂ ಬದಲಾಯ್ತು

2021ರಲ್ಲಿ ಪೆನ್ಸಿಲ್ ರಿಪಬ್ಲಿಕನ್ನರ ಕೈಯಲ್ಲಿತ್ತು. ಅವರು 6ನೇ ಕ್ಷೇತ್ರವನ್ನ ಉತ್ತರಕ್ಕೆ ಎಳೆದು, ಫೋರ್ಸೈತ್, ಡಾಸನ್ ಥರದ ಗಟ್ಟಿ ರಿಪಬ್ಲಿಕನ್ ಕೌಂಟಿಗಳನ್ನ ಸೇರಿಸಿದರು. 2022ರಲ್ಲಿ ಅಲ್ಲಿ ರಿಪಬ್ಲಿಕನ್ ರಿಚ್ ಮೆಕಾರ್ಮಿಕ್ ಆರಾಮಾಗಿ ಗೆದ್ದರು. ಮೆಕ್‌ಬಾತ್ ಪಕ್ಕದ 7ನೇ ಕ್ಷೇತ್ರಕ್ಕೆ ಹೋಗಿ, ತಮ್ಮದೇ ಪಕ್ಷದ ಹಾಲಿ ಸದಸ್ಯೆಯನ್ನ ಒಳ ಚುನಾವಣೆಯಲ್ಲಿ ಸೋಲಿಸಬೇಕಾಯ್ತು. ರಾಜ್ಯದ ಲೆಕ್ಕ 8–6 ಇದ್ದದ್ದು ರಿಪಬ್ಲಿಕನ್ ಪರ 9–5 ಆಯ್ತು. 1991ರಲ್ಲಿ ಡೆಮಾಕ್ರಟ್‌ಗಳು ಮಾಡಿದ ಆಟವನ್ನೇ ಇವರೂ ಆಡಿದರು, ಇವರಿಗೆ ಫಲಿಸಿತು.

ಕೋರ್ಟಿಗೆ ಹೋದವರೂ ಇದ್ದರು. 2023ರ ಅಕ್ಟೋಬರ್‌ನಲ್ಲಿ ಫೆಡರಲ್ ನ್ಯಾಯಾಧೀಶ ಸ್ಟೀವ್ ಜೋನ್ಸ್, ಈ ನಕ್ಷೆ 1965ರ ಮತದಾನ ಹಕ್ಕು ಕಾಯ್ದೆಗೆ ವಿರುದ್ಧ, ಅಟ್ಲಾಂಟಾದ ಪಶ್ಚಿಮದಲ್ಲಿ ಕಪ್ಪು ಮತದಾರರು ಬಹುಸಂಖ್ಯಾತರಾಗಿರೋ ಇನ್ನೊಂದು ಕ್ಷೇತ್ರ ಬೇಕು ಅಂತ ತೀರ್ಪು ಕೊಟ್ಟರು. ಶಾಸಕರು ಆ ಹೊಸ ಕ್ಷೇತ್ರ ಮಾಡಿದರು, ಅದಕ್ಕೆ '6' ಅಂತ ನಂಬರ್ ಕೊಟ್ಟರು. ಜೊತೆಗೇ ಮೆಕ್‌ಬಾತ್ ಅವರ 7ನೇ ಕ್ಷೇತ್ರವನ್ನ ಒಡೆದು ಉತ್ತರಕ್ಕೆ ತಿರುಗಿಸಿದರು. ಅರ್ಜಿದಾರರು ಆಕ್ಷೇಪಿಸಿದರು. ಡಿಸೆಂಬರ್ 28ಕ್ಕೆ ನ್ಯಾಯಾಧೀಶರು ನಕ್ಷೆ ಒಪ್ಪಿಕೊಂಡರು. 2024ರಲ್ಲಿ ಮೆಕ್‌ಬಾತ್ ಹೊಸ 6ರಲ್ಲಿ ಗೆದ್ದರು, ಮೆಕಾರ್ಮಿಕ್ ಹೊಸ 7ರಲ್ಲಿ. ಇಬ್ಬರೂ ನಂಬರ್ ಅದಲು ಬದಲು ಮಾಡ್ಕೊಂಡರು ಅಷ್ಟೇ. ರಾಜ್ಯದ ಲೆಕ್ಕ? ಮತ್ತೆ 9–5.

ಹಾಗಾದ್ರೆ ಮತದಾರ?

ಇಷ್ಟೆಲ್ಲ ಓಡಾಟದಲ್ಲಿ ನಾಯಕರಿಗೆ ಒಂದು ದಾರಿ ಇತ್ತು. ಗಿಂಗ್ರಿಚ್ ಮನೆ ಬದಲಾಯಿಸಿದರು, ಮೆಕ್‌ಬಾತ್ ಎರಡು ಸಲ ಕ್ಷೇತ್ರ ಬದಲಾಯಿಸಿದರು, ಮೆಕಾರ್ಮಿಕ್ ಒಂದು ಸಲ. ಮನೆ ಸಾಲದ ಕಂತು ಕಟ್ಟಿಕೊಂಡು ಮಕ್ಕಳನ್ನ ಅಲ್ಲೇ ಶಾಲೆಗೆ ಹಾಕಿರೋ ಮನುಷ್ಯ ಎಲ್ಲಿಗೆ ಹೋಗ್ತಾನೆ? ಐದು ವರ್ಷ ನೋಡಿ, ಕೆಲಸ ತೂಗಿ, 'ಮುಂದಿನ ಸಲ ಇವರಿಗೆ ಹಾಕಲ್ಲ' ಅಂತ ನಾವು ನಿರ್ಧಾರ ಮಾಡ್ತೀವಲ್ಲ, ಅಲ್ಲಿ ಅದು ಎರಡೇ ವರ್ಷದ ಅವಧಿ. ಆದರೆ ಮುಂದಿನ ಸಲ ಆ ಹೆಸರು ಮತಪತ್ರದಲ್ಲೇ ಇಲ್ಲ ಅಂದ್ರೆ, ಸಿಟ್ಟನ್ನೂ ಮೆಚ್ಚುಗೆಯನ್ನೂ ಯಾರ ಖಾತೆಗೆ ಜಮಾ ಮಾಡೋದು? ನನ್ನ ಪ್ರಕಾರ ಈ ಕಥೆಯ ನಿಜವಾದ ನಷ್ಟ ಅದು. ಯಾವ ಪಕ್ಷ ಒಂದು ಸೀಟು ಕಳ್ಕೊಂಡಿತು ಅನ್ನೋದು ಆಮೇಲಿನ ಮಾತು.

ಆದರೂ ಜನ ಸುಮ್ಮನಿರಲ್ಲ. 2025ರ ಫೆಬ್ರವರಿಯಲ್ಲಿ ಮೆಕಾರ್ಮಿಕ್ ರಾಸ್ವೆಲ್‌ನಲ್ಲಿ ಸಾರ್ವಜನಿಕ ಸಭೆ ಕರೆದರು. ಆ ಊರು ವರ್ಷಗಟ್ಟಲೆ 6ರಲ್ಲಿತ್ತು, ಈಗ 7ರಲ್ಲಿ. ಫೆಡರಲ್ ಸರ್ಕಾರದ ನೌಕರಿ ಕಡಿತದ ಬಗ್ಗೆ ಜನ ಎದ್ದು ನಿಂತು ಪ್ರಶ್ನೆ ಕೇಳಿದರು, ಕೂಗಾಡಿದರು, ಸಂಸದರು ಉತ್ತರ ಕೊಡೋಕೆ ಒದ್ದಾಡಿದರು. ಕ್ಷೇತ್ರದ ನಂಬರ್ ಬದಲಾದ್ರೂ ಸಭಾಂಗಣ ಅಲ್ಲೇ ಇತ್ತು, ಜನವೂ ಅಲ್ಲೇ ಇದ್ದರು.

ನಿಮ್ಮ ಅಕ್ಕನೋ, ಕಾಲೇಜು ಗೆಳೆಯನೋ ಆಲ್ಫರೆಟಾ ಕಡೆ ಇದ್ರೆ ಇವತ್ತೇ ಒಂದು ಮೆಸೇಜ್ ಹಾಕಿ: 'ನಿಮ್ಮ ಕಾಂಗ್ರೆಸ್ ಸದಸ್ಯರು ಯಾರು? 2021ರಲ್ಲಿ ಯಾರಿದ್ರು?' ಉತ್ತರ ಬಂದ್ರೆ ನನಗೂ ಕಳಿಸಿ.