ತಿರುವಿನಲ್ಲಿ ‘ಟಕ್ ಟಕ್’ ಸದ್ದೇ? ಸಿವಿ ಆಕ್ಸಲ್ ಪರೀಕ್ಷಿಸಿ

ಫೋರ್ ವೀಲ್ ಡ್ರೈವ್ ವಾಹನವನ್ನು ಪೂರ್ತಿ ತಿರುಗಿಸುವಾಗ ಮುಂಚಕ್ರದ ಬಳಿ ‘ಟಕ್ ಟಕ್’ ಸದ್ದು ಕೇಳಿದರೆ ಸಿವಿ ಆಕ್ಸಲ್ ಸವೆದಿರುವ ಸಾಧ್ಯತೆ ಹೆಚ್ಚು. ಚಕ್ರ ಪಕ್ಕಕ್ಕೆ ತಿರುಗಿದರೂ, ಹಳ್ಳದಿಣ್ಣೆಗಳಲ್ಲಿ ಏರಿಳಿದರೂ ಎಂಜಿನ್ನಿನ ಶಕ್ತಿಯನ್ನು ಸಮವೇಗದಲ್ಲಿ ತಲುಪಿಸುವುದು ಇದರ ಕೆಲಸ. ಹೊರತುದಿಯ ಜಾಯಿಂಟ್‌ನಲ್ಲಿ ಸಾಮಾನ್ಯವಾಗಿ 6 ಉಕ್ಕಿನ ಗುಂಡುಗಳಿರುತ್ತವೆ. ಅದನ್ನು ಮುಚ್ಚಿರುವ ರಬ್ಬರ್ ಬೂಟ್ ಹರಿದರೆ ಗ್ರೀಸ್ ಹೊರಚೆಲ್ಲಿ, ಕೆಸರು ಒಳಸೇರಿ ಸವೆತ ಆರಂಭವಾಗುತ್ತದೆ. ಸದ್ದಿಲ್ಲದೆ ಬೂಟ್ ಮಾತ್ರ ಹರಿದಿದ್ದರೆ ತಡಮಾಡದೆ ಬೂಟ್ ಮತ್ತು ಗ್ರೀಸ್ ಬದಲಿಸಿದರೆ ಸಾಕಾಗಬಹುದು.

ಮುಂಭಾಗದಲ್ಲಿ ಸ್ವತಂತ್ರ ಸಸ್ಪೆನ್ಷನ್ ಇರುವ ಮಹೀಂದ್ರ ಥಾರ್‌ನಂತಹ ವಾಹನಗಳಲ್ಲಿ, ಸಲಕರಣೆ ಮತ್ತು ಅನುಭವವಿದ್ದರೆ, ಆಕ್ಸಲ್ಲನ್ನು ಮನೆಯಲ್ಲೇ ಬದಲಿಸಬಹುದು. ಮಾರುತಿ ಜಿಪ್ಸಿಯ ಮುಂಭಾಗದಲ್ಲಿರುವುದು ಅಖಂಡ ಆಕ್ಸಲ್. ಅದರ ವಿಧಾನವೇ ಬೇರೆ.

ಸಮತಟ್ಟಾದ ಗಟ್ಟಿ ನೆಲದಲ್ಲಿ ವಾಹನ ನಿಲ್ಲಿಸಿ, ಹಿಂಚಕ್ರಗಳಿಗೆ ಅಡ್ಡಗಟ್ಟೆ ಇಡಬೇಕು. ಚಕ್ರ ನೆಲದಲ್ಲಿರುವಾಗಲೇ ಆಕ್ಸಲ್ ನಟ್ ಸಡಿಲಿಸಿಕೊಳ್ಳುವುದು ಲೇಸು. ಎತ್ತಿದ ಬಳಿಕ ಭಾರವನ್ನು ಸ್ಟ್ಯಾಂಡ್‌ಗಳ ಮೇಲೆ ಇಳಿಸಬೇಕು. ಕೇವಲ ಜಾಕ್ ನಂಬಿ ವಾಹನದಡಿ ತೂರುವುದು ಪ್ರಾಣಕ್ಕೇ ಸಂಚಕಾರ.

ಬ್ರೇಕ್ ಕ್ಯಾಲಿಪರ್ ಕಳಚಿದರೆ ಅದನ್ನು ಹೋಸ್‌ನಲ್ಲಿ ಜೋತಾಡಲು ಬಿಡದೆ ತಂತಿಯಿಂದ ಕಟ್ಟಬೇಕು. ಬಾಲ್ ಜಾಯಿಂಟ್ ಬಿಡಿಸಿ, ಆಕ್ಸಲ್ಲನ್ನು ಮೊದಲು ಹಬ್‌ನಿಂದ, ನಂತರ ಡಿಫರೆನ್ಷಿಯಲ್‌ನಿಂದ ಹೊರತೆಗೆಯಬೇಕು. ಆಗ ಎಣ್ಣೆ ಸೋರಬಹುದಾದ್ದರಿಂದ ಕೆಳಗೆ ಪಾತ್ರೆಯಿರಲಿ. ಹೊಸದರ ಉದ್ದ ಮತ್ತು ಹಲ್ಲುಗಳು ಹಳೆಯದಕ್ಕೆ ಹೊಂದುತ್ತವೆಯೇ ಎಂದು ಜೋಡಿಸುವ ಮುನ್ನವೇ ನೋಡಬೇಕು.

ಬಹುತೇಕ ವಾಹನಗಳಿಗೆ ಹೊಸ ನಟ್ ಬಳಸುವುದೇ ನಿಯಮ. ಅದನ್ನು ಅಂದಾಜಿನಲ್ಲಲ್ಲ, ಕಂಪನಿಯ ಕೈಪಿಡಿ ಸೂಚಿಸಿದ ಪ್ರಮಾಣದಲ್ಲಿ ಟಾರ್ಕ್ ವ್ರೆಂಚಿನಿಂದ ಬಿಗಿಗೊಳಿಸಬೇಕು. ಬಿಗಿ ತಪ್ಪಿದರೆ ಚಕ್ರದ ಬೇರಿಂಗ್ ಹಾಳಾದೀತು. ಸೋರಿದ ಎಣ್ಣೆ ತುಂಬಿಸಿ, ನಿಧಾನವಾಗಿ ಓಡಿಸಿ ಪರೀಕ್ಷಿಸಿದ ಬಳಿಕವೇ ರಸ್ತೆಗಿಳಿಯುವುದು ಕ್ಷೇಮ.