ಓ-ರಿಂಗ್ ಯಾರ ವಶದಲ್ಲಿದೆ?

ಸ್ಕೂಬಾ ಮುಳುಗುಗಾರನು ಬೆನ್ನಿಗೆ ಬಿಗಿದುಕೊಳ್ಳುವ ಸಿಲಿಂಡರಿನಲ್ಲಿ ಶುದ್ಧ ಆಮ್ಲಜನಕವಿರುತ್ತದೆಂದು ಬಹುಮಂದಿ ಭಾವಿಸಿರುವರು. ಸಾಧಾರಣವಾಗಿ ಅದರಲ್ಲಿರುವುದು ನಾವು ನೀವು ಉಸಿರಾಡುವ ಗಾಳಿಯೇ. ಹನ್ನೊಂದು ಲೀಟರು ನೀರು ಹಿಡಿಯುವಷ್ಟು ಎಡೆಯಲ್ಲಿ ಸುಮಾರು 2,200 ಲೀಟರು ಗಾಳಿಯನ್ನು ಅದುಮಿ ತುಂಬಿರುವುದರಿಂದ ಅದರ ಒತ್ತಡ 207 ಬಾರ್‌ಗೆ ಏರಿ, ಒಳಗೋಡೆಯ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೂ ಇನ್ನೂರು ಕಿಲೋಗ್ರಾಮಿಗೆ ಮಿಗಿಲಾದ ಭಾರವಾಗಿ ಎರಗುತ್ತಿರುತ್ತದೆ. ಈ ಪ್ರಚಂಡ ಒತ್ತಡವನ್ನು ಉಸಿರಾಟಕ್ಕೆ ಯೋಗ್ಯವಾಗುವಂತೆ ತಗ್ಗಿಸುವ ಉಪಕರಣವೇ ರೆಗ್ಯುಲೇಟರು. ಅದು ಸಿಲಿಂಡರಿನ ವಾಲ್ವಿಗೆ ಕೂಡಿಕೊಳ್ಳುವ ಸಂಧಿಸ್ಥಾನದಲ್ಲಿ ಗಾಳಿ ಸೋರದಂತೆ ತಡೆಯುವುದು, ಪ್ರೆಷರ್ ಕುಕ್ಕರಿನ ಮುಚ್ಚಳದಲ್ಲಿರುವಂಥದೇ ಆದರೂ ಅದಕ್ಕಿಂತ ಬಹಳ ಚಿಕ್ಕದಾದ ಒಂದು ರಬ್ಬರು ಬಳೆ. ಓ-ರಿಂಗ್ ಎಂದು ಅದರ ಹೆಸರು. ಯೋಕ್, ಡಿನ್ ಎಂಬ ಎರಡು ಬಗೆಯ ಜೋಡಣೆಗಳಲ್ಲಿ ಯಾವುದು ಲೇಸೆಂಬ ಚರ್ಚೆ, ನನ್ನ ಮಟ್ಟಿಗೆ, ಈ ಬಳೆ ಎಲ್ಲಿ ಕುಳಿತಿದೆ, ಯಾರ ವಶದಲ್ಲಿದೆ ಎಂಬುದರ ಚರ್ಚೆಯೇ ಆಗಿದೆ.

ಯೋಕ್ ಪದ್ಧತಿಯಲ್ಲಿ ರೆಗ್ಯುಲೇಟರಿನ ಲೋಹದ ಚೌಕಟ್ಟು ವಾಲ್ವನ್ನು ಸುತ್ತುವರಿಯುವುದು. ಹಿಂಬದಿಯ ತಿರುಪನ್ನು ಬಿಗಿದೊಡನೆ ಎರಡರ ಮುಖಗಳೂ ಒಂದನ್ನೊಂದು ಒತ್ತಿಕೊಳ್ಳುವುವು. ಕೂಡಿಸುವುದು ಅತಿ ಸುಲಭ. ಅಮೆರಿಕದಲ್ಲಿಯೂ, ಮಾಲ್ಡೀವ್ಸ್, ಥಾಯ್ಲೆಂಡ್ ಮೊದಲಾದ ಪ್ರವಾಸಿಗರ ಕಡಲುಗಳಲ್ಲಿಯೂ ಬಾಡಿಗೆಯ ಸಿಲಿಂಡರುಗಳು ಬಹುತೇಕ ಇದಕ್ಕೆ ಹೊಂದುವಂಥವು. ಆದರೆ ಇಲ್ಲಿ ಬಳೆಯಿರುವುದು ವಾಲ್ವಿನ ಮುಖದ ತೋಡಿನಲ್ಲಿ. ಬಂಡೆಗೋ ಮುಳುಗಿದ ಹಡಗಿನ ಅವಶೇಷಕ್ಕೋ ಬಲವಾಗಿ ತಗುಲಿ ಚೌಕಟ್ಟು ಕೂದಲೆಳೆಯಷ್ಟು ಸರಿದರೂ, ಬಳೆ ಆ ಸಂದಿನಿಂದ ಹೊರಕ್ಕೆ ನುಸುಳಿ ಗಾಳಿ ಭೋರ್ಗರೆದು ನುಗ್ಗಬಹುದು. ಅದಕ್ಕೂ ಮಿಗಿಲಾಗಿ, ಆ ಬಳೆ ಸಿಲಿಂಡರಿನ ಒಡೆಯನದು. ಎಷ್ಟು ಬಿಸಿಲು ಕಂಡಿದೆಯೋ, ಎಲ್ಲಿ ಬಿರಿದಿದೆಯೋ, ಉಸಿರಾಡಬೇಕಾದವನಿಗೆ ದೋಣಿ ಹತ್ತುವವರೆಗೂ ತಿಳಿಯದು.

ಜರ್ಮನಿಯ ಮಾನಕ ಸಂಸ್ಥೆಯ ಹೆಸರನ್ನು ಹೊತ್ತ ಡಿನ್ ಜೋಡಣೆಯಲ್ಲಿಯಾದರೋ, ರೆಗ್ಯುಲೇಟರಿನ ಸುತ್ತುಳ್ಳ ತುದಿಯೇ ವಾಲ್ವಿನೊಳಕ್ಕೆ ತಿರುಗಿ ಇಳಿಯುವುದು. ಬಳೆ ಆ ತುದಿಯಲ್ಲಿದ್ದು ನಾಲ್ಕೂ ಕಡೆ ಲೋಹದಿಂದ ಬಂಧಿತವಾಗಿರುವುದರಿಂದ ಹೊರಕ್ಕೆ ಸರಿಯಲು ಅದಕ್ಕೆ ಮಾರ್ಗವೇ ಇಲ್ಲ. ಹೊರಚಾಚಿದ ಚೌಕಟ್ಟಿಲ್ಲವಾಗಿ ಹಗ್ಗ ಸಿಲುಕುವ ಭಯವೂ ಕಡಮೆ. ಗುಹೆಗಳಲ್ಲಿ ಈಜುವವರು ಇದನ್ನೇ ಮೆಚ್ಚುವುದಕ್ಕೆ ಅದೇ ಕಾರಣ. ಬಳೆ ನಮ್ಮ ಉಪಕರಣದ್ದೇ ಆದ್ದರಿಂದ ಅದನ್ನು ಪರೀಕ್ಷಿಸಿ ಕಾಲಕಾಲಕ್ಕೆ ಬದಲಿಸುವ ಅಧಿಕಾರವೂ ನಮ್ಮದೇ. ಸುತ್ತುಗಳಲ್ಲಿ ಮರಳು ಸೇರದಂತೆ, ಪೆಟ್ಟು ಬೀಳದಂತೆ ಕಾಯುವ ತೊಂದರೆಯೊಂದುಂಟು, ನಿಜ.

ಅಧಿಕ ಒತ್ತಡದ ಸಿಲಿಂಡರುಗಳಿಗೆ ಬಂದರೆ ಆಯ್ಕೆಯೇ ಉಳಿಯದು. ಯೋಕ್ ಜೋಡಣೆಯ ಮಿತಿ 232 ಬಾರ್. 300 ಬಾರ್ ತುಂಬುವ ಸಿಲಿಂಡರಿಗೆ ಡಿನ್ ಒಂದೇ ಗತಿ. ಡಿನ್‌ನಲ್ಲಿಯೂ ಎರಡು ಪ್ರಭೇದಗಳಿವೆ: ಕೆಳ ಒತ್ತಡದ್ದಕ್ಕೆ ಐದು ಸುತ್ತು, 300 ಬಾರ್‌ನದಕ್ಕೆ ಏಳು. ಹೆಚ್ಚಿನ ಒತ್ತಡದ ವಾಲ್ವಿನ ಕುಳಿಯನ್ನು ಬುದ್ಧಿಪೂರ್ವಕವಾಗಿಯೇ ಆಳವಾಗಿಟ್ಟಿರುವುದರಿಂದ ಐದು ಸುತ್ತಿನ ತುದಿ ತಳವನ್ನು ಮುಟ್ಟದೆ ಗಾಳಿ ಸೋರುವುದು. ಏಳು ಸುತ್ತಿನದು ಎರಡರಲ್ಲಿಯೂ ಸಲ್ಲುವುದು. ಕೊಳ್ಳುವವನು ಏಳು ಸುತ್ತಿನದನ್ನೇ ಕೊಳ್ಳತಕ್ಕದ್ದು.

ಕೆಲವು ವಾಲ್ವುಗಳಲ್ಲಿ ತೆಗೆದು ಹಾಕಬಹುದಾದ ಒಳತುಂಡೊಂದಿದ್ದು, ಇಟ್ಟರೆ ಯೋಕಿಗೂ ತೆಗೆದರೆ ಡಿನ್‌ಗೂ ಒದಗುವುದು. ಇಟ್ಟಾಗ ಸೋರಬಹುದಾದ ಬಳೆಗಳು ಎರಡಾಗುವುವೆಂಬುದನ್ನು ಮರೆಯಲಾಗದು. ಸ್ವಂತ ರೆಗ್ಯುಲೇಟರನ್ನು ಕೊಳ್ಳುವವರಿಗೆ, ಡಿನ್ ಕೊಂಡು ಜೊತೆಗೊಂದು ಯೋಕ್ ಅಡಾಪ್ಟರನ್ನು ಇಟ್ಟುಕೊಳ್ಳಿರೆಂದೇ ನಾನು ಹೇಳುವೆನು. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೊರಡುವವರು ಅಲ್ಲಿನ ಸಿಲಿಂಡರುಗಳ ವಾಲ್ವು ಯಾವುದೆಂದು ಮೊದಲೇ ವಿಚಾರಿಸಿಕೊಳ್ಳುವುದೂ ಒಳ್ಳೆಯದು. ಅಡಾಪ್ಟರು ಹಾಕಿದಾಗ ರೆಗ್ಯುಲೇಟರು ತುಸು ತಲೆಯ ಕಡೆಗೆ ಚಾಚುವುದು. ಸಿಲಿಂಡರನ್ನು ಪಟ್ಟಿಯಲ್ಲಿ ಒಂದೆರಡು ಬೆರಳು ಕೆಳಗಿಳಿಸಿ ಕಟ್ಟಿದರೆ ತಲೆಯೆತ್ತಿ ನೋಡುವಾಗ ಅದು ತಾಗದು.