ಮಾತು ಕಟ್ಟಿಸುವ ಒಂದು ಮಾತು

ನಮ್ಮ ನೆರೆಮನೆಯ ಹುಡುಗನೊಬ್ಬನು ಪರೀಕ್ಷೆಯಲ್ಲಿ ಯಾರೂ ಎಣಿಸದಷ್ಟು ಅಂಕಗಳನ್ನು ಪಡೆದನು. ಪರಸ್ಥಳದಲ್ಲಿದ್ದ ಅವನ ಸೋದರಮಾವನು ಇಂಗ್ಲಿಷಿನಲ್ಲಿ ಕಾಗದ ಬರೆದು, ಆ ಸುದ್ದಿಯಿಂದ ತಾನು ‘ಡಂಫೌಂಡೆಡ್’ ಆದೆನೆಂದು ತಿಳಿಸಿದನು. ‘ಡಂಬ್’ ಎಂದರೆ ದಡ್ಡನೆಂದು ಬಲ್ಲ ಹುಡುಗನು, ಮಾವನು ತನ್ನನ್ನು ಹಳಿದನೆಂದೇ ತಿಳಿದು ಎರಡು ದಿನ ಮುಖ ಬಾಡಿಸಿಕೊಂಡಿದ್ದನು.

ಈ ಪದದಲ್ಲಿ ದಡ್ಡತನದ ಸೋಂಕು ಸ್ವಲ್ಪವೂ ಇಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಡಂಬ್’ ಎಂದರೆ ಮೂಕ. ದಡ್ಡನೆಂಬ ಅರ್ಥವು ಬಳಕೆಯಲ್ಲಿ ಬಲಗೊಂಡುದು ಅಮೆರಿಕದಲ್ಲಿ, ಜರ್ಮನ್ ಭಾಷೆಯ ‘ಡುಮ್’ ಎಂಬ ಶಬ್ದದ ಪ್ರಭಾವದಿಂದ. ಗಲಿಬಿಲಿಗೊಳಿಸು ಎಂಬರ್ಥದ ‘ಕನ್‌ಫೌಂಡ್’ ಪದದ ಬಾಲವನ್ನು ಈ ಮೂಕತನಕ್ಕೆ ಅಂಟಿಸಿ ಹದಿನೇಳನೆಯ ಶತಮಾನದಲ್ಲಿ ಈ ಜೋಡುಪದವನ್ನು ಮಾಡಿದರು. ರಾಬೆಲೇಯ ಫ್ರೆಂಚ್ ಗ್ರಂಥವನ್ನು ಇಂಗ್ಲಿಷಿಗೆ ತಂದ ಸ್ಕಾಟ್ಲೆಂಡಿನ ಟಾಮಸ್ ಅರ್ಕರ್ಟನ ಬರವಣಿಗೆಯಲ್ಲಿ ಇದು ಆಗಲೇ ಕಾಣುತ್ತದೆ. ಬರೆಹದಲ್ಲಿ ಬಕಾರವಿದ್ದರೂ ಉಚ್ಚಾರದಲ್ಲಿ ಅದು ಕೇಳಿಸದು. ಅದನ್ನು ಬಿಟ್ಟು ಬರೆಯುವವರೂ ಉಂಟು.

ನಮ್ಮಲ್ಲಿ ಇದಕ್ಕೆ ಸಮನಾದ ಮಾತುಗಳಿಗೆ ಕೊರತೆಯಿಲ್ಲ. ಒಳ್ಳೆಯ ಸುದ್ದಿಯಾದರೆ ‘ಮೂಕವಿಸ್ಮಿತನಾದನು’ ಎನ್ನಬಹುದು. ಕೆಟ್ಟದಾದರೆ ‘ಗರಬಡಿದವನಂತೆ ನಿಂತನು’ ಎನ್ನುತ್ತೇವೆ. ಇಂಗ್ಲಿಷ್ ಪದವು ಎರಡಕ್ಕೂ ಸಲ್ಲುತ್ತದೆ. ಆದುದರಿಂದ ಬರೆದವನ ಮನಸ್ಸನ್ನು ಹಿಂದುಮುಂದಿನ ವಾಕ್ಯಗಳಿಂದಲೇ ಅರಿಯಬೇಕು. ಸಭೆಯಲ್ಲಿ ಸಂಕೋಚದಿಂದ ಸುಮ್ಮನೆ ಕುಳಿತವನಿಗೆ ಮಾತ್ರ ಇದು ಒಪ್ಪದು. ಅನಿರೀಕ್ಷಿತವಾದುದೊಂದು ಬಂದೆರಗಿ, ನಾಲಗೆಯ ತುದಿಗೆ ಬಂದ ಮಾತೂ ಅಲ್ಲಿಯೇ ನಿಂತಿರಬೇಕು.

ಇದೇ ಅರ್ಥದ ‘ಫ್ಲಾಬರ್‌ಗಾಸ್ಟೆಡ್’ ಎಂಬುದು 1772ರಲ್ಲಿ ಹೊಸ ಷೋಕಿಯ ಮಾತೆಂದು ಅಚ್ಚಾಯಿತು. ಅದರ ಮೂಲವನ್ನು ಪಂಡಿತರೂ ನಿಶ್ಚಯಿಸಲಾರದೆ ಹೋಗಿದ್ದಾರೆ! ‘ಆಸ್ಟಾನಿಷ್’ ಎಂಬುದರ ಬೇರಿನಲ್ಲಿ ಗುಡುಗೆಂಬರ್ಥದ ಲ್ಯಾಟಿನ್ ಧಾತುವಿದೆ. ಸಿಡಿಲು ಬಡಿದಂತೆ ನಿಂತನೆನ್ನುವ ನಮಗೆ ಇದು ಹೊಸದೇನಲ್ಲ.

ಇನ್ನೊಂದು ವಿಷಯ. ಹಿಂದಿನ ಕಾಲದಲ್ಲಿ ಮಾತು ಬಾರದವರನ್ನು ಇಂಗ್ಲಿಷಿನಲ್ಲಿ ‘ಡಂಬ್’ ಎಂದೇ ಬರೆಯುತ್ತಿದ್ದರು. ಶಾಲೆಗಳ ಹೆಸರುಗಳಲ್ಲಿಯೂ ಅದು ಇದ್ದಿತು. ದಡ್ಡನೆಂಬ ಅರ್ಥ ಅದಕ್ಕೆ ಅಂಟಿದ ಮೇಲೆ ಅದು ನೋಯಿಸುವ ಮಾತಾಗಿದೆ; ಮನುಷ್ಯರ ವಿಷಯದಲ್ಲಿ ಹಾಗೆ ಬರೆಯಲಾಗದು. ಜೋಡುಪದಕ್ಕೆ ಮಾತ್ರ ಆ ಕಳಂಕ ತಟ್ಟಿಲ್ಲ.

ಹುಡುಗನಿಗೆ ಇಷ್ಟನ್ನು ವಿವರಿಸಿದ ಮೇಲೆ ಅವನು ಕಾಗದವನ್ನು ತಂದು ಮತ್ತೊಮ್ಮೆ ಓದಿದನು. ಮಾವನಿಗೆ ಉತ್ತರವು ಅಂದಿನ ಟಪ್ಪಾಲಿನಲ್ಲಿಯೇ ಹೋಯಿತು.